ಹಳೆಯ ಎಂಜಿಬಿಗೆ ಯಾವ ಶಾಕ್ ಅಬ್ಸಾರ್ಬರ್?

ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಮತ್ತೆ ರಸ್ತೆಗಿಳಿಸಲು ಹೊರಟವರು ಎಂಜಿನ್, ಬಣ್ಣ, ಕ್ರೋಮ್, ಸೀಟಿನ ಚರ್ಮ ಇವುಗಳಿಗೆ ಹಣವನ್ನೂ ಗಮನವನ್ನೂ ಧಾರಾಳವಾಗಿ ಕೊಡುತ್ತಾರೆ. ಶಾಕ್ ಅಬ್ಸಾರ್ಬರ್‌ಗಳ ಸರದಿ ಬರುವ ಹೊತ್ತಿಗೆ ಎರಡೂ ಮುಗಿಯುತ್ತಾ ಬಂದಿರುತ್ತವೆ. ಆಗ ಇದ್ದುದರಲ್ಲಿ ಗಟ್ಟಿಯಾದ ಒಂದು ಸೆಟ್ ತರಿಸಿ ಹಾಕಿಸಿಬಿಡುವುದು ಸಾಮಾನ್ಯ. ಕಾರು ರಸ್ತೆಗೆ ಬಂದ ಮೇಲೆ ಸಣ್ಣ ಗುಂಡಿಯೂ ಬೆನ್ನಿಗೆ ಬಡಿಯುತ್ತದೆ, ಒರಟು ತಿರುವಿನಲ್ಲಿ ಹಿಂದಿನ ಚಕ್ರ ನೆಲದ ಹಿಡಿತ ಬಿಟ್ಟು ಪುಟಿಯುತ್ತದೆ. ಹೊಸ ಶಾಕ್ ಹಾಕಿದ ಮೇಲೂ ಕಾರು ಓಡಿಸಲು ಹಿತವೆನಿಸುವುದಿಲ್ಲ.

ಆ ಕಾರಿಗೆ ಬೇಕಿದ್ದದ್ದು ತನ್ನ ಸ್ಪ್ರಿಂಗ್‌ಗೆ, ತೂಕಕ್ಕೆ, ಓಡಾಡುವ ರಸ್ತೆಗೆ ಹೊಂದುವ ಶಾಕ್. ಅದನ್ನು ಆರಿಸುವುದು ಹೇಗೆಂಬುದನ್ನು ಎಂಜಿಬಿ ಕಾರನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಕಾರು ಇದು. ಬಿಡಿಭಾಗಗಳು ಇಂದಿಗೂ ಸುಲಭವಾಗಿ ಸಿಗುತ್ತವೆ. ಆಯ್ಕೆಗಳು ಹೆಚ್ಚಿರುವುದರಿಂದಲೇ ಗೊಂದಲವೂ ಹೆಚ್ಚು.

ಶಾಕ್ ಮಾಡುವ ಕೆಲಸ ಏನು?

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಉಬ್ಬು ಬಂದಾಗ ಕುಗ್ಗುವುದೂ ಅದೇ. ಆದರೆ ಕುಗ್ಗಿದ ಸ್ಪ್ರಿಂಗ್ ಒಮ್ಮೆ ಹಿಗ್ಗಿ ಸುಮ್ಮನಾಗುವುದಿಲ್ಲ. ಮೇಲಕ್ಕೂ ಕೆಳಕ್ಕೂ ಆಡುತ್ತಲೇ ಇರುತ್ತದೆ. ಆ ಆಟವನ್ನು ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಅದರೊಳಗಿನ ಪಿಸ್ಟನ್ ಆಯಿಲನ್ನು ಸಣ್ಣ ರಂಧ್ರಗಳ ಮೂಲಕ, ವಾಲ್ವ್‌ಗಳ ಮೂಲಕ ತಳ್ಳುತ್ತದೆ. ಚಲನೆಯ ಶಕ್ತಿ ಬಿಸಿಯಾಗಿ ಮಾರ್ಪಟ್ಟು ಗಾಳಿಗೆ ಸೇರುತ್ತದೆ.

ಚಕ್ರ ಮೇಲೇಳುವಾಗ ಸಿಗುವ ತಡೆಗೆ ಬಂಪ್ ಎಂದೂ, ಕೆಳಗಿಳಿಯುವಾಗ ಸಿಗುವ ತಡೆಗೆ ರಿಬೌಂಡ್ ಎಂದೂ ಹೆಸರು. ರಸ್ತೆ ಕಾರುಗಳಲ್ಲಿ ಸಾಮಾನ್ಯವಾಗಿ ರಿಬೌಂಡ್ ತಡೆಯೇ ಹೆಚ್ಚು. ಬಂಪ್ ತಡೆ ಅತಿಯಾದರೆ ಉಬ್ಬಿನ ಹೊಡೆತ ನೇರವಾಗಿ ಬಾಡಿಗೆ ತಗಲುತ್ತದೆ. ರಿಬೌಂಡ್ ಅತಿಯಾದರೆ ತೊಂದರೆ ಬೇರೆ ಬಗೆಯದು. ಒಂದರ ಹಿಂದೆ ಒಂದು ಹಂಪ್ ಬಂದಾಗ, ಕುಗ್ಗಿದ ಸ್ಪ್ರಿಂಗ್ ಪೂರ್ತಿ ಹಿಗ್ಗುವ ಮೊದಲೇ ಮುಂದಿನ ಹಂಪ್ ಅದನ್ನು ಮತ್ತೆ ಕುಗ್ಗಿಸುತ್ತದೆ. ಕಾರು ಹಂತಹಂತವಾಗಿ ಕುಸಿಯುತ್ತಾ ಹೋಗಿ ಕೊನೆಗೆ ಬಂಪ್ ಸ್ಟಾಪ್ ರಬ್ಬರಿಗೆ ಬಡಿಯುತ್ತದೆ. ಸಾಲು ಹಂಪ್‌ಗಳಿರುವ ನಮ್ಮ ರಸ್ತೆಗಳಲ್ಲಿ ಓಡಿಸುವವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಎಂಜಿಬಿಯ ಏರ್ಪಾಡು

ಎಂಜಿಬಿಯ ನಾಲ್ಕೂ ಮೂಲೆಗಳಲ್ಲಿರುವುದು ಆರ್ಮ್‌ಸ್ಟ್ರಾಂಗ್ ಕಂಪನಿಯ ಲಿವರ್ ಆರ್ಮ್ ಶಾಕ್‌ಗಳು. ಇಂದಿನ ಕಾರುಗಳಲ್ಲಿ ಕಾಣುವ ಉದ್ದ ಕೊಳವೆಯ ಟೆಲಿಸ್ಕೋಪಿಕ್ ಶಾಕ್‌ಗಿಂತ ಇವುಗಳ ರಚನೆ ಬೇರೆ. ಲೋಹದ ಪೆಟ್ಟಿಗೆಯಂಥ ಬಾಡಿಯೊಳಗೆ ಅಕ್ಕಪಕ್ಕ ಎರಡು ಸಿಲಿಂಡರ್, ಎರಡು ಪಿಸ್ಟನ್. ಹೊರಗಿನ ತೋಳು ಮೇಲೆ ಕೆಳಗೆ ಆಡಿದಂತೆ ಒಳಗಿನ ಪಿಸ್ಟನ್‌ಗಳು ವಾಲ್ವ್ ಮೂಲಕ ಆಯಿಲನ್ನು ತಳ್ಳುತ್ತವೆ.

ಹಿಂದೆ, ಲೀಫ್ ಸ್ಪ್ರಿಂಗ್‌ಗಳ ಮೇಲೆ ಕೂತಿರುವ ಆಕ್ಸಲ್‌ಗೆ ಈ ತೋಳನ್ನು ಒಂದು ಲಿಂಕ್ ಜೋಡಿಸುತ್ತದೆ. ಅಲ್ಲಿ ಶಾಕ್‌ಗೆ ಶಾಕ್‌ನ ಕೆಲಸ ಮಾತ್ರ. ಮುಂದೆ ಹಾಗಲ್ಲ. ಮುಂಭಾಗದಲ್ಲಿ ಶಾಕ್‌ನ ತೋಳೇ ಸಸ್ಪೆನ್ಷನ್‌ನ ಮೇಲಿನ ವಿಷ್‌ಬೋನ್. ಚಕ್ರವನ್ನು ನೆಟ್ಟಗೆ ಹಿಡಿದಿಡುವ ಹೊಣೆಯೂ ಅದರದೇ. ಮುಂದಿನ ಶಾಕ್‌ನ ಬೇರಿಂಗ್ ಸವೆದರೆ ಕುಲುಕಾಟ ಹೆಚ್ಚುವುದಷ್ಟೇ ಅಲ್ಲ, ಚಕ್ರದ ಓರೆಯೂ ಬದಲಾಗುತ್ತದೆ, ಸ್ಟೀರಿಂಗ್ ನಿಖರತೆ ಕಳೆದುಕೊಳ್ಳುತ್ತದೆ. ಎಂಜಿ ಮಿಡ್ಜೆಟ್‌ನಲ್ಲೂ, ನಮ್ಮ ಊರುಗಳಲ್ಲಿ ಅಲ್ಲಲ್ಲಿ ಉಳಿದುಕೊಂಡಿರುವ ಮಾರಿಸ್ ಮೈನರ್‌ನಲ್ಲೂ ಮುಂಭಾಗದ ಶಾಕ್ ಇದೇ ತತ್ವದ್ದು. ಆದ್ದರಿಂದ ಇಲ್ಲಿ ಹೇಳುವ ಬಹಳಷ್ಟು ಮಾತು ಆ ಕಾರುಗಳಿಗೂ ಸಲ್ಲುತ್ತದೆ.

ಲಿವರ್ ಶಾಕ್ ಎಂದರೆ ಅಗ್ಗದ, ಕೈಲಾಗದ ತಂತ್ರಜ್ಞಾನ ಎಂಬ ಅಭಿಪ್ರಾಯ ವ್ಯಾಪಕವಾಗಿದೆ. ಆದರೆ ದುಬಾರಿ ಆಸ್ಟನ್ ಮಾರ್ಟಿನ್ ಡಿಬಿ5 ಕಾರಿನ ಹಿಂಭಾಗದಲ್ಲಿದ್ದುದೂ ಆರ್ಮ್‌ಸ್ಟ್ರಾಂಗ್ ಲಿವರ್ ಶಾಕ್‌ಗಳೇ. ಅದರ ‘ಸೆಲೆಕ್ಟಾರೈಡ್’ ವ್ಯವಸ್ಥೆಯಲ್ಲಿ ಚಾಲಕ ಕೂತಲ್ಲಿಂದಲೇ ಶಾಕ್‌ನ ಬಿಗಿಯನ್ನು ಬದಲಿಸಬಹುದಿತ್ತು. ಸುಸ್ಥಿತಿಯಲ್ಲಿರುವ ಲಿವರ್ ಶಾಕ್ ಒಳ್ಳೆಯ ಕೆಲಸ ಮಾಡುತ್ತದೆ. ಅದಕ್ಕೆ ಕೆಟ್ಟ ಹೆಸರು ತಂದವು ಆಯಿಲ್ ಬತ್ತಿ, ಬುಷ್ ಸವೆದು ದಶಕಗಳಾದ ಶಾಕ್‌ಗಳು.

ಬದಲಿಸುವ ಮೊದಲು ಪರೀಕ್ಷಿಸಿ

ಮೂಲೆಯನ್ನು ಕೈಯಿಂದ ಒತ್ತಿ ಬಿಟ್ಟು ಕಾರು ಎಷ್ಟು ಸಲ ಕುಲುಕುತ್ತದೆ ಎಂದು ನೋಡುವ ಪರೀಕ್ಷೆ ಪೂರ್ತಿ ಸತ್ತ ಶಾಕನ್ನು ಮಾತ್ರ ತೋರಿಸಿಕೊಡುತ್ತದೆ. ಅರ್ಧ ಕೆಟ್ಟದ್ದು ಅದರಲ್ಲಿ ಪಾಸಾಗಿಬಿಡುತ್ತದೆ. ಎಂಜಿಬಿಯ ಹಿಂಭಾಗದಲ್ಲಿ ಇನ್ನೂ ಒಳ್ಳೆಯ ವಿಧಾನ ಸಾಧ್ಯ. ಲಿಂಕ್ ಬಿಚ್ಚಿ ತೋಳನ್ನು ಕೈಯಿಂದಲೇ ಮೇಲೆ ಕೆಳಗೆ ಆಡಿಸಿ. ಎರಡೂ ದಿಕ್ಕಿನಲ್ಲಿ, ಆದಿಯಿಂದ ಅಂತ್ಯದವರೆಗೆ ಒಂದೇ ಸಮನಾದ ತಡೆ ಸಿಗಬೇಕು. ನಡುವೆ ಎಲ್ಲಾದರೂ ತಡೆಯಿಲ್ಲದೆ ಜಾರಿದರೆ ಒಳಗೆ ಗಾಳಿ ಸೇರಿದೆ, ಇಲ್ಲವೇ ವಾಲ್ವ್ ಕೆಟ್ಟಿದೆ. ಎಡಬಲಗಳನ್ನು ಹೋಲಿಸಿ ನೋಡಿ. ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಬಾಡಿಯ ಮೇಲೆ ಶಾಫ್ಟ್ ಹೊರಬರುವ ಜಾಗದಲ್ಲಿ ಹಸಿ ಆಯಿಲ್ ಇದ್ದರೆ ಸೀಲ್ ಹೋಗಿದೆ ಎಂದರ್ಥ. ತೋಳನ್ನು ಶಾಫ್ಟ್‌ನ ಉದ್ದಕ್ಕೆ ಅಡ್ಡವಾಗಿ ಅಲ್ಲಾಡಿಸಿದಾಗ ಆಟ ಕಂಡರೆ ಬೇರಿಂಗ್ ಸವೆದಿದೆ. ಟೈರಿನ ಮೇಲ್ಮೈ ಅಲ್ಲಲ್ಲಿ ತೇಪೆ ತೇಪೆಯಾಗಿ ಸವೆದಿರುವುದೂ ಶಾಕ್ ದುರ್ಬಲವಾದ ಗುರುತು.

ಎಲ್ಲ ತಪ್ಪನ್ನೂ ಶಾಕ್ ಮೇಲೆ ಹೊರಿಸುವಂತೆಯೂ ಇಲ್ಲ. ಮುಂಭಾಗದ ಟಕಟಕ ಸದ್ದು ಶಾಕ್‌ನ ತೋಳನ್ನು ಕಿಂಗ್‌ಪಿನ್‌ಗೆ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲಿಗೆ) ಸೇರಿಸುವ ಟ್ರನಿಯನ್ ಬುಷ್‌ನಿಂದ ಬರುತ್ತಿರಬಹುದು, ಗ್ರೀಸ್ ಕಾಣದೆ ಸವೆದ ಕಿಂಗ್‌ಪಿನ್‌ನಿಂದಲೂ ಬರುತ್ತಿರಬಹುದು. ಕಿಂಗ್‌ಪಿನ್‌ಗೆ ಪ್ರತಿ ಬದಿಯಲ್ಲೂ ಮೂರು ಗ್ರೀಸ್ ನಿಪ್ಪಲ್ ಇವೆ. ಮೂರರಲ್ಲೂ ಗ್ರೀಸ್ ಒಳಹೋಗುತ್ತಿದೆಯೇ ನೋಡಿ. ಲೀಫ್ ಸ್ಪ್ರಿಂಗ್ ಕುಸಿದಿದ್ದರೆ ಹಿಂಭಾಗ ಬಂಪ್ ಸ್ಟಾಪ್‌ಗೆ ಬಡಿಯುತ್ತದೆ. ಎಂಥ ದುಬಾರಿ ಶಾಕ್ ಹಾಕಿದರೂ ಅದು ನಿಲ್ಲುವುದಿಲ್ಲ. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ನಾಲ್ಕೂ ಕಡೆ ಅಳೆದು ಬರೆದಿಡಿ. ಸ್ಪ್ರಿಂಗ್, ಬುಷ್, ಟೈರ್ ಮೂರೂ ಸರಿಯಾದ ಮೇಲೆಯೇ ಶಾಕ್ ಆಯ್ಕೆಗೆ ಅರ್ಥ ಬರುವುದು.

ಮೊದಲ ದಾರಿ: ಮೂಲ ಶಾಕ್‌ನ ಪುನಶ್ಚೇತನ

ವಾರಾಂತ್ಯಕ್ಕೆ ಓಡಿಸುವ, ರ‍್ಯಾಲಿಗಳಲ್ಲಿ ಪ್ರದರ್ಶಿಸುವ, ಆಗಾಗ ದೂರದ ಪ್ರವಾಸಕ್ಕೆ ಹೋಗುವ ಎಂಜಿಬಿಗೆ ಚೆನ್ನಾಗಿ ರಿಪೇರಿಯಾದ ಮೂಲ ಲಿವರ್ ಶಾಕ್‌ಗಳೇ ಅತ್ಯುತ್ತಮ ಆಯ್ಕೆ. ಆ ಸ್ಪ್ರಿಂಗ್‌ಗಳಿಗೆ, ಆ ತೂಕಕ್ಕೆ ಹೊಂದುವಂತೆಯೇ ಅವುಗಳ ವಾಲ್ವ್ ರೂಪಿತವಾಗಿದೆ. ಬಾಡಿಗೆ ರಂಧ್ರ ಕೊರೆಯಬೇಕಿಲ್ಲ, ಬ್ರಾಕೆಟ್ ಬೆಸೆಯಬೇಕಿಲ್ಲ.

ಪ್ರಶ್ನೆ ಇರುವುದು ‘ಚೆನ್ನಾಗಿ ರಿಪೇರಿಯಾದ’ ಎನ್ನುವುದರಲ್ಲಿ. ಮಾರುಕಟ್ಟೆಯಲ್ಲಿ ‘ರೀಕಂಡಿಷನ್ಡ್’ ಹೆಸರಿನಲ್ಲಿ ಸಿಗುವ ಕೆಲವು ಶಾಕ್‌ಗಳಿಗೆ ಆಗಿರುವುದು ತೊಳೆದು, ಬಣ್ಣ ಬಳಿದು, ದಪ್ಪ ಆಯಿಲ್ ತುಂಬಿದ್ದಷ್ಟೇ. ಕೈಯಲ್ಲಿ ಆಡಿಸಿದಾಗ ಬಿಗಿಯಾಗಿರುತ್ತವೆ, ಕೆಲವೇ ತಿಂಗಳಲ್ಲಿ ಸೋರುತ್ತವೆ. ನಿಜವಾದ ರಿಪೇರಿಯಲ್ಲಿ ಶಾಫ್ಟನ್ನು ನಯಗೊಳಿಸಬೇಕು ಅಥವಾ ಬದಲಿಸಬೇಕು, ಬಾಡಿಯನ್ನು ಬೋರ್ ಮಾಡಿ ಹೊಸ ಬೇರಿಂಗ್ ಬುಷ್ ಕೂರಿಸಬೇಕು, ಹೊಸ ಸೀಲ್ ಹಾಕಬೇಕು, ವಾಲ್ವ್ ಬಿಚ್ಚಿ ಶುಚಿಗೊಳಿಸಿ ಪರೀಕ್ಷಿಸಬೇಕು. ಕೊಳ್ಳುವ ಮೊದಲು ಕೇಳಲೇಬೇಕಾದ ಪ್ರಶ್ನೆ ಒಂದೇ: ‘ಶಾಫ್ಟ್ ಬುಷ್ ಬದಲಿಸಿದ್ದೀರಾ?’ ಸ್ಪಷ್ಟ ಉತ್ತರ ಕೊಡದವರಿಂದ ಕೊಳ್ಳಬೇಡಿ.

ಹಳೆಯದನ್ನು ಕೊಟ್ಟು ರಿಪೇರಿಯಾದದ್ದನ್ನು ಪಡೆಯುವ ವಿನಿಮಯ ಪದ್ಧತಿ ಬ್ರಿಟನ್, ಅಮೆರಿಕದಲ್ಲಿ ರೂಢಿಯಲ್ಲಿದೆ. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಸುಲಭ. ಭಾರತದಿಂದ ಕಳಿಸಿ ತರಿಸುವುದಾದರೆ ತೂಕದ ವಸ್ತುವಿನ ಸಾಗಣೆ ವೆಚ್ಚವೂ ಕಸ್ಟಮ್ಸ್ ಸುಂಕವೂ ಸೇರುತ್ತವೆ. ನಾಲ್ಕೂ ಶಾಕ್‌ಗಳ ಸೀಲ್ ಮತ್ತು ಬುಷ್ ಮಾತ್ರ ತರಿಸಿಕೊಂಡು, ನಿಖರವಾಗಿ ಬೋರ್ ಮಾಡಬಲ್ಲ ಒಳ್ಳೆಯ ಲೇತ್ ಕೆಲಸಗಾರರಿಂದ ಇಲ್ಲೇ ಮಾಡಿಸುವುದು ಪರಿಶೀಲಿಸತಕ್ಕ ದಾರಿ. ಶಾಫ್ಟ್‌ನ ಎರಡು ತುದಿಯ ಬುಷ್‌ಗಳೂ ಒಂದೇ ನೇರದಲ್ಲಿ ಕೂರುವುದು ಈ ಕೆಲಸದ ಜೀವಾಳ.

ಆಯಿಲ್ ವಿಷಯಕ್ಕೆ ಬಂದರೆ, ಅನೇಕ ಮಾಲೀಕರು ಬಳಸುವುದು 20 ಗ್ರೇಡಿನ ಮೋಟಾರ್‌ಸೈಕಲ್ ಫೋರ್ಕ್ ಆಯಿಲ್. ಶಾಕ್ ಮೆತ್ತಗಾಗಿದೆಯೆಂದು ದಪ್ಪ ಎಂಜಿನ್ ಆಯಿಲ್ ಸುರಿಯಬೇಡಿ. ಬ್ರೇಕ್ ಆಯಿಲನ್ನಂತೂ ಹತ್ತಿರ ತರಲೇಬೇಡಿ, ಸೀಲ್ ಹಾಳಾಗುತ್ತದೆ. ಮುಚ್ಚಳದ ಸುತ್ತ ಕೊಳೆ ಒರೆಸಿಯೇ ತೆರೆಯಿರಿ. ಒಂದು ಹರಳು ಮರಳು ವಾಲ್ವ್‌ಗೆ ಸಿಕ್ಕರೂ ಸಾಕು, ಶಾಕ್ ಕೆಡಲು. ತುಂಬಿದ ನಂತರ ತೋಳನ್ನು ಹಲವು ಸಲ ಪೂರ್ತಿಯಾಗಿ ಆಡಿಸಿ ಗಾಳಿ ಹೊರಹಾಕಿ, ಮಟ್ಟ ನೋಡಿ ಮತ್ತೆ ತುಂಬಿ. ಇನ್ನಷ್ಟು ಬಿಗಿ ಬೇಕೆನಿಸಿದರೆ ಬಿಗಿಯಾದ ವಾಲ್ವ್‌ಗಳು ಪ್ರತ್ಯೇಕವಾಗಿ ಸಿಗುತ್ತವೆ. ಆಯಿಲ್ ದಪ್ಪ ಮಾಡುವುದಕ್ಕಿಂತ ವಾಲ್ವ್ ಬದಲಿಸುವುದೇ ಸರಿಯಾದ ಕ್ರಮ.

ಎರಡನೇ ದಾರಿ: ಟೆಲಿಸ್ಕೋಪಿಕ್ ಶಾಕ್

ಹೆಚ್ಚು ವೇಗದಲ್ಲಿ, ಹೆಚ್ಚು ಹೊತ್ತು ಓಡಿಸುವವರು, ಬಿಗಿಯನ್ನು ಬೇಕಾದಂತೆ ಹೊಂದಿಸಿಕೊಳ್ಳಬಯಸುವವರು ಟೆಲಿಸ್ಕೋಪಿಕ್ ಶಾಕ್‌ಗೆ ಬದಲಾಗುತ್ತಾರೆ. ಹಿಂಭಾಗಕ್ಕೆ ಬ್ರಾಕೆಟ್ ಸಮೇತ ಕಿಟ್‌ಗಳು ಸಿಗುತ್ತವೆ, ಕೆಲಸ ಸರಳ. ಮುಂಭಾಗದಲ್ಲಿ ಲಿವರ್ ಶಾಕನ್ನು ತೆಗೆದು ಬಿಸಾಡಲು ಬರುವುದಿಲ್ಲ, ಅದೇ ಮೇಲಿನ ವಿಷ್‌ಬೋನ್ ಆಗಿರುವುದರಿಂದ. ಒಂದು ಬಗೆಯ ಕಿಟ್‌ಗಳಲ್ಲಿ ಲಿವರ್ ಶಾಕ್‌ನ ವಾಲ್ವ್ ತೆಗೆದು ಅದನ್ನು ಬರಿಯ ಕೀಲಾಗಿ ಉಳಿಸಿಕೊಂಡು, ಪಕ್ಕದಲ್ಲಿ ಟೆಲಿಸ್ಕೋಪಿಕ್ ಶಾಕ್ ಕೂರಿಸುತ್ತಾರೆ. ಆಗಲೂ ಬೇರಿಂಗ್ ಸುಸ್ಥಿತಿಯಲ್ಲಿರಬೇಕು, ಅದಕ್ಕೆ ಆಯಿಲ್ ಬೇಕೇ ಬೇಕು. ಸವೆದ ಲಿವರ್ ಶಾಕ್ ಇಟ್ಟುಕೊಂಡು ಈ ಕಿಟ್ ಹಾಕಿದರೆ ಮೂಲ ರೋಗ ಹಾಗೇ ಉಳಿಯುತ್ತದೆ. ಇನ್ನೊಂದು ಬಗೆಯಲ್ಲಿ ಇಡೀ ಮುಂಭಾಗದ ಸಸ್ಪೆನ್ಷನ್ ಬದಲಾಗುತ್ತದೆ. ಅದು ದೊಡ್ಡ ಖರ್ಚು, ದೊಡ್ಡ ಬದಲಾವಣೆ.

ಕಾನೂನಿನ ಕಡೆಗೂ ಒಂದು ಕಣ್ಣಿರಲಿ. ಭಾರತದಲ್ಲಿ 2021ರ ನಿಯಮದಂತೆ 50 ವರ್ಷ ದಾಟಿದ ವಾಹನಗಳಿಗೆ ‘ವಿಎ’ ಸರಣಿಯ ವಿಂಟೇಜ್ ನೋಂದಣಿ ಸಿಗಬೇಕಾದರೆ ಚಾಸಿಸ್, ಬಾಡಿ ಶೆಲ್, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಬ್ರಿಟನ್‌ನಲ್ಲಿ 40 ವರ್ಷ ದಾಟಿದ ಕಾರಿಗೆ ವಾರ್ಷಿಕ ಎಂಒಟಿ ತಪಾಸಣೆಯಿಂದ ವಿನಾಯಿತಿ ಇರುವುದೂ ಅದು ಗಣನೀಯವಾಗಿ ಬದಲಾಗದೆ ಉಳಿದಿದ್ದರೆ ಮಾತ್ರ. ಸಸ್ಪೆನ್ಷನ್‌ನ ವಿಧಾನವನ್ನೇ ಬದಲಿಸುವುದು ಅಲ್ಲಿ ಗಣನೀಯ ಬದಲಾವಣೆಯ ಪಟ್ಟಿಯಲ್ಲಿದೆ. ಆದ್ದರಿಂದ ಬೋಲ್ಟ್ ಬಿಚ್ಚಿ ಹಿಂದಿನ ಸ್ಥಿತಿಗೆ ತರಬಹುದಾದ ಕಿಟ್‌ಗಳನ್ನೇ ಆರಿಸಿ, ಬಿಚ್ಚಿದ ಮೂಲ ಭಾಗಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಕಿಟ್ ಆರಿಸುವಾಗ ಎರಡು ಅಳತೆ ಮುಖ್ಯ.

ಮೊದಲನೆಯದು ಉದ್ದ. ಪೂರ್ತಿ ಕುಗ್ಗಿದಾಗಿನ ಉದ್ದವನ್ನೂ ಪೂರ್ತಿ ಹಿಗ್ಗಿದಾಗಿನ ಉದ್ದವನ್ನೂ ಮಾರುವವರಿಂದ ಬರೆಸಿಕೊಳ್ಳಿ. ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಮೊದಲು ತಗಲಬೇಕಾದ್ದು ಬಂಪ್ ಸ್ಟಾಪ್ ರಬ್ಬರ್. ಆಕ್ಸಲ್ ಪೂರ್ತಿ ಇಳಿದಾಗ ಮೊದಲು ಬಿಗಿಯಾಗಬೇಕಾದ್ದು ಎಂಜಿಬಿಯ ಹಿಂಭಾಗದಲ್ಲಿರುವ ರಿಬೌಂಡ್ ಪಟ್ಟಿ. ಆ ಎರಡೂ ತುದಿಗಳಲ್ಲಿ ಶಾಕ್‌ಗೆ ಇನ್ನೂ ಸ್ವಲ್ಪ ಚಲನೆ ಉಳಿದಿರಬೇಕು. ಇಲ್ಲದಿದ್ದರೆ ಇಡೀ ಕಾರಿನ ಹೊಡೆತ ಶಾಕ್‌ನ ತಳಕ್ಕೆ ಬಿದ್ದು ಒಳಭಾಗ ಒಡೆಯುತ್ತದೆ, ಬ್ರಾಕೆಟ್ ಸೀಳುತ್ತದೆ. ಇಲ್ಲಿ ಇಸವಿಯೂ ಮುಖ್ಯ. 1974ರ ಕೊನೆಯಿಂದ ಬಂದ ರಬ್ಬರ್ ಬಂಪರ್ ಕಾರುಗಳು ಅಮೆರಿಕದ ನಿಯಮಗಳ ಕಾರಣ ಸುಮಾರು ಒಂದೂವರೆ ಇಂಚು ಹೆಚ್ಚು ಎತ್ತರ. ಹಿಂದಿನ ಕ್ರೋಮ್ ಬಂಪರ್ ಕಾರಿನ ಕಿಟ್ ಇದಕ್ಕೆ ಹೊಂದುತ್ತದೆಂದು ಊಹಿಸಬೇಡಿ. ಹಿಂದಿನ ಮಾಲೀಕರು ಯಾರಾದರೂ ಕಾರನ್ನು ತಗ್ಗಿಸಿರಬಹುದು, ಏರಿಸಿರಬಹುದು. ಬರೆದಿಟ್ಟುಕೊಂಡ ಎತ್ತರದ ಅಳತೆ ಈಗ ಉಪಯೋಗಕ್ಕೆ ಬರುತ್ತದೆ.

ಎರಡನೆಯದು ಕೋನ. ಶಾಕ್ ನೆಟ್ಟಗಿದ್ದಷ್ಟೂ ಪರಿಣಾಮ ಹೆಚ್ಚು. 30 ಡಿಗ್ರಿ ಓರೆಯಾದರೆ ಚಕ್ರಕ್ಕೆ ತಲುಪುವ ತಡೆ ಮುಕ್ಕಾಲು ಭಾಗಕ್ಕಿಳಿಯುತ್ತದೆ, 45 ಡಿಗ್ರಿಯಾದರೆ ಅರ್ಧಕ್ಕೆ. ಮುಂಭಾಗದಲ್ಲಿ ಕೆಳಗಿನ ವಿಷ್‌ಬೋನ್‌ನ ಮಧ್ಯದಲ್ಲಿ ಶಾಕ್ ಕೂರಿಸಿದರೆ ಚಕ್ರ ಆಡಿದ ಅರ್ಧದಷ್ಟು ಮಾತ್ರ ಅದು ಆಡುತ್ತದೆ, ಚಕ್ರದ ಬಳಿಯ ಪರಿಣಾಮ ಕಾಲುಭಾಗಕ್ಕೆ ಇಳಿಯುತ್ತದೆ. ಒಂದೇ ಶಾಕ್ ಒಂದು ಕಾರಿನಲ್ಲಿ ಮೆತ್ತಗೂ ಇನ್ನೊಂದರಲ್ಲಿ ಗಟ್ಟಿಯಾಗಿಯೂ ಅನಿಸುವುದು ಇದಕ್ಕೇ. ಬೇರೆ ಮಾದರಿಯ ಕಾರಿನ ಶಾಕ್ ‘ಅಳತೆ ಸರಿಹೋಗುತ್ತದೆ’ ಎಂದು ತಂದು ಹಾಕುವುದು ಈ ಕಾರಣದಿಂದಲೇ ಅಪಾಯಕಾರಿ.

ಟ್ವಿನ್ ಟ್ಯೂಬೋ, ಮೋನೋಟ್ಯೂಬೋ?

ಟ್ವಿನ್ ಟ್ಯೂಬ್ ಶಾಕ್‌ನಲ್ಲಿ ಒಂದರೊಳಗೊಂದು ಎರಡು ಕೊಳವೆ. ಪಿಸ್ಟನ್ ಒಳಗಿನದರಲ್ಲಿ ಆಡುತ್ತದೆ, ಹೊರಗಿನದು ಆಯಿಲ್ ಸಂಗ್ರಹ. ಹೊರಗಿನ ಕೊಳವೆ ಚೂರು ತಗ್ಗಾದರೂ ಕೆಲಸ ನಿಲ್ಲುವುದಿಲ್ಲ. ಸವಾರಿ ಮೃದು. ಬಹಳ ಹೊತ್ತು ಕಠಿಣವಾಗಿ ದುಡಿದರೆ ಆಯಿಲ್ ನೊರೆಗಟ್ಟಿ ತಡೆ ಕುಂದಬಹುದು.

ಮೋನೋಟ್ಯೂಬ್‌ನಲ್ಲಿ ಒಂದೇ ಕೊಳವೆ. ಅಧಿಕ ಒತ್ತಡದ ಅನಿಲವನ್ನು ತೇಲುವ ಪಿಸ್ಟನ್ ಒಂದು ಆಯಿಲಿನಿಂದ ಬೇರ್ಪಡಿಸಿರುತ್ತದೆ. ಜರ್ಮನಿಯ ಬಿಲ್‌ಸ್ಟೈನ್ 1950ರ ದಶಕದಲ್ಲಿ ಇದನ್ನು ಮರ್ಸಿಡಿಸ್ ಕಾರುಗಳಿಗೆ ಅಳವಡಿಸಿ ಪ್ರಚಾರಕ್ಕೆ ತಂದಿತು. ಬಿಸಿ ಬೇಗ ಹೊರಹೋಗುತ್ತದೆ, ನೊರೆಗಟ್ಟುವುದು ಕಡಿಮೆ. ಆದರೆ ಕೊಳವೆಗೆ ಕಲ್ಲು ಬಡಿದು ತಗ್ಗಾದರೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಅನಿಲದ ಒತ್ತಡ ಕಾರನ್ನು ತುಸು ಮೇಲೆತ್ತುವುದೂ ಉಂಟು. ಎಂಜಿಬಿಯಂಥ ಹಗುರ ಕಾರಿನಲ್ಲಿ ಅದು ಗಮನಕ್ಕೆ ಬರುತ್ತದೆ. ರಸ್ತೆಯ ಬಳಕೆಗೆ ಒಳ್ಳೆಯ ಟ್ವಿನ್ ಟ್ಯೂಬ್ ಧಾರಾಳ ಸಾಕು. ರೇಸಿಂಗ್ ಟ್ರ್ಯಾಕ್‌ಗೆ ಹೋಗುವವರು ಮೋನೋಟ್ಯೂಬ್ ಯೋಚಿಸಲಿ.

ನೆದರ್ಲೆಂಡ್ಸ್‌ನ ಕೋನಿ ಕಂಪನಿಯ ಕೆಂಪು ಶಾಕ್‌ಗಳು ಹಳೆಯ ಸ್ಪೋರ್ಟ್ಸ್ ಕಾರು ಪ್ರಿಯರಲ್ಲಿ ಹೆಸರುವಾಸಿ. ಅವುಗಳ ರಿಬೌಂಡ್ ಬಿಗಿಯನ್ನು ಹೊಂದಿಸಬಹುದು. ಹಲವು ಹಳೆಯ ಮಾದರಿಗಳಲ್ಲಿ ಶಾಕ್ ಬಿಚ್ಚಿ, ಪೂರ್ತಿ ಕುಗ್ಗಿಸಿ ತಿರುಗಿಸಬೇಕು. ವರ್ಷಗಳು ಕಳೆದು ತಡೆ ಕುಂದಿದಾಗ ತುಸು ಬಿಗಿಮಾಡಿ ಆಯುಷ್ಯ ಹೆಚ್ಚಿಸಿಕೊಳ್ಳುವುದೇ ಈ ಹೊಂದಾಣಿಕೆಯ ಬಹುಮುಖ್ಯ ಲಾಭ.

ಬೇರೆ ಕಾರುಗಳವರಿಗೆ

ಡಾಟ್ಸನ್ 240ಝೆಡ್‌ನ ಸ್ಟ್ರಟ್‌ಗಳಲ್ಲಿ (ಶಾಕನ್ನು ಒಳಗೊಂಡ ಸಸ್ಪೆನ್ಷನ್ ಕಂಬಗಳಲ್ಲಿ) ಒಳಗಿನ ಕಾರ್ಟ್ರಿಡ್ಜ್ ಮಾತ್ರ ಬದಲಾಗುತ್ತದೆ. ಹೊಸದನ್ನು ಇಳಿಸುವ ಮೊದಲು ಸ್ಟ್ರಟ್ ಕೊಳವೆಗೆ ಸ್ವಲ್ಪ ಆಯಿಲ್ ಹಾಕುವುದು ಬಿಸಿ ಹೊರಹೋಗಲು ಸಹಾಯಕ. ಕಾರನ್ನು ತಗ್ಗಿಸಿದ್ದರೆ ಗಿಡ್ಡ ಕಾರ್ಟ್ರಿಡ್ಜ್ ಬೇಕು. ಹಳೆಯ ಪೋರ್ಷೆ 911ರಲ್ಲಿ ಮುಂದಿನ ಸ್ಟ್ರಟ್ ಯಾವ ಕಂಪನಿಯದೆಂದು ನೋಡದೆ ಕಾರ್ಟ್ರಿಡ್ಜ್ ತರಿಸಬೇಡಿ. ಬಿಲ್‌ಸ್ಟೈನ್ ಸ್ಟ್ರಟ್‌ಗೂ ಬೋಗೆ ಸ್ಟ್ರಟ್‌ಗೂ ಒಳಭಾಗ ಬೇರೆ ಬೇರೆ. ಜಾಗ್ವಾರ್ ಇ-ಟೈಪ್‌ನ ಹಿಂಭಾಗದಲ್ಲಿ ಒಂದೊಂದು ಬದಿಗೆ ಎರಡರಂತೆ ನಾಲ್ಕು ಶಾಕ್‌ಗಳಿವೆ. ಬದಲಿಸುವುದಾದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ.

ಜೋಡಿಸುವಾಗ

ಎಂಜಿಬಿಯ ಮುಂದಿನ ಶಾಕ್ ಬಿಚ್ಚುವುದು ಅಪಾಯದ ಕೆಲಸ. ಅದೇ ಮೇಲಿನ ತೋಳಾದ್ದರಿಂದ, ಅದನ್ನು ಬಿಡಿಸಿದ ಕ್ಷಣ ಕುಗ್ಗಿರುವ ಕಾಯಿಲ್ ಸ್ಪ್ರಿಂಗ್‌ನ ಇಡೀ ಬಲ ಸಿಡಿಯುತ್ತದೆ. ಕಾರನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಸ್ಪ್ರಿಂಗ್ ಕೂತಿರುವ ತಟ್ಟೆಯ ಕೆಳಗೆ ಜಾಕಿ ಕೊಟ್ಟು, ಭಾರ ಅದರ ಮೇಲೆ ಬಂದಿದೆಯೆಂದು ಖಚಿತವಾದ ಮೇಲೆಯೇ ಪಾನಾ ಹಚ್ಚಿ. ಹೊಸ ಶಾಕ್ ಬೋಲ್ಟ್‌ಗಳು ಬಿಗಿಯಾಗುವವರೆಗೆ ಆ ಜಾಕಿಯನ್ನು ಮುಟ್ಟಬೇಡಿ. ಮೊದಲ ಸಲ ಮಾಡುವವರು ಅನುಭವಿ ಮೆಕ್ಯಾನಿಕ್ ಜೊತೆಗಿಲ್ಲದೆ ಇದಕ್ಕೆ ಕೈಹಾಕಬಾರದು.

ಒಂದು ಆಕ್ಸಲ್‌ನ ಎರಡೂ ಶಾಕ್‌ಗಳನ್ನು ಜೊತೆಯಾಗಿಯೇ ಬದಲಿಸಿ. ಟ್ವಿನ್ ಟ್ಯೂಬ್ ಶಾಕನ್ನು ನೆಟ್ಟಗೆ ಹಿಡಿದು ಕೆಲವು ಸಲ ಪೂರ್ತಿ ಎಳೆದು ಒತ್ತಿ, ಒಳಗಿನ ಗಾಳಿ ಹೋದ ಮೇಲೆ ಕೂರಿಸಿ. ಹೊಳೆಯುವ ರಾಡನ್ನು ಇಕ್ಕಳದಲ್ಲಿ ಹಿಡಿಯಬೇಡಿ; ಒಂದು ಗೀರು ಸಾಕು ಸೀಲ್ ಕೊಯ್ಯಲು. ಮುಂದಿನ ಕೆಳ ವಿಷ್‌ಬೋನ್‌ಗೆ ಅನೇಕರು ಎಂಜಿಬಿ ಜಿಟಿ ವಿ8 ಮಾದರಿಯ ಬುಷ್ ಹಾಕುತ್ತಾರೆ, ಒಳ್ಳೆಯ ಸುಧಾರಣೆ ಅದು. ರಬ್ಬರಿಗೆ ಲೋಹ ಬೆಸೆದಿರುವ ಇಂಥ ಬುಷ್‌ಗಳ ಬೋಲ್ಟನ್ನು ಚಕ್ರ ನೇತಾಡುವಾಗ ಬಿಗಿಮಾಡಬಾರದು. ಕಾರು ತನ್ನ ಕಾಲ ಮೇಲೆ ನಿಂತ ಮೇಲೆ ಬಿಗಿಮಾಡಿ. ಇಲ್ಲವಾದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೆಟ್ಟ ಗ್ಯಾಸ್ ಶಾಕನ್ನು ಗರಗಸದಿಂದ ಕೊಯ್ಯುವುದು, ಬೆಂಕಿಗೆ ಹಿಡಿಯುವುದು ಪ್ರಾಣಾಪಾಯ.

ರಸ್ತೆಯಲ್ಲಿ ಹೊಂದಿಸುವ ಕ್ರಮ

ಬಿಗಿ ಬದಲಿಸಬಹುದಾದ ಶಾಕ್ ಹಾಕಿದ್ದರೆ ನಾಲ್ಕನ್ನೂ ಅತ್ಯಂತ ಮೆತ್ತಗಿನ ಸ್ಥಾನದಲ್ಲಿಟ್ಟು ಶುರುಮಾಡಿ. ಟೈರ್ ಒತ್ತಡ ಸರಿಯಿದೆಯೇ ನೋಡಿ. ಉಬ್ಬುತಗ್ಗು, ತಿರುವು, ನೇರ ಹಾದಿ ಮೂರೂ ಇರುವ ಒಂದು ಪರಿಚಿತ ರಸ್ತೆಯನ್ನು ಆರಿಸಿ, ಪ್ರತಿ ಸಲವೂ ಅಲ್ಲೇ ಓಡಿಸಿ. ಉಬ್ಬು ದಾಟಿದ ನಂತರ ಕಾರು ಒಮ್ಮೆ ಎದ್ದು ತನ್ನ ಜಾಗಕ್ಕೆ ಮರಳಿ ನಿಂತರೆ ಬಿಗಿ ಸರಿಯಾಗಿದೆ. ಮತ್ತೆ ಮತ್ತೆ ತೂಗಿದರೆ ಒಂದು ಹೆಜ್ಜೆ ಬಿಗಿಮಾಡಿ. ಮುಂದಿನದನ್ನೂ ಹಿಂದಿನದನ್ನೂ ಒಟ್ಟಿಗೆ ಬದಲಿಸಬೇಡಿ. ಯಾವ ಬದಲಾವಣೆ ಏನು ಮಾಡಿತೆಂದು ತಿಳಿಯದೆ ಹೋಗುತ್ತದೆ. ಎಡಬಲ ಸದಾ ಒಂದೇ ಸ್ಥಾನದಲ್ಲಿರಲಿ. ಪ್ರತಿ ಹೆಜ್ಜೆಯನ್ನೂ ಬರೆದಿಡಿ. ಹಾಯಾಗಿ ಓಡುವ ಕಾರಿನಲ್ಲಿ ಇನ್ನೂ ಒಂದು ಸುತ್ತು ಬಿಗಿಸಿ ನೋಡೋಣ ಎನಿಸಿದರೆ ಅಲ್ಲಿಗೇ ನಿಲ್ಲಿಸಿ.

ಹಣ ಕೊಡುವ ಮೊದಲು

ಕೊಳ್ಳಲು ಹೊರಟವರು ಐದು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಲಿ. ಕಾರಿನ ಇಸವಿ ಮತ್ತು ಬಂಪರ್ ಯಾವುದು? ಈಗಿನ ನಿಂತ ಎತ್ತರ ಎಷ್ಟು? ಸ್ಪ್ರಿಂಗ್‌ಗಳು ಮೂಲದ್ದೇ, ಬದಲಾದವೇ? ಕಾರು ಹೆಚ್ಚಾಗಿ ಓಡುವುದು ಯಾವ ಬಗೆಯ ರಸ್ತೆಯಲ್ಲಿ? ಮೂಲ ಸ್ವರೂಪ ಉಳಿಸಿಕೊಳ್ಳುವುದು ನಿಮಗೆ ಎಷ್ಟು ಮುಖ್ಯ? ಈ ಐದಕ್ಕೂ ಸ್ಪಷ್ಟ ಉತ್ತರವಿದ್ದವರಿಗೆ ಆಯ್ಕೆ ಬಹುಪಾಲು ತಾನಾಗಿಯೇ ತೀರ್ಮಾನವಾಗುತ್ತದೆ, ಮಾರುವವರ ಮಾತಿಗೆ ಮರುಳಾಗುವ ಪ್ರಮೇಯ ಬರುವುದಿಲ್ಲ.

ಹಣ ಮಿತವಾಗಿದ್ದರೆ ಅದನ್ನು ಹೀಗೆ ಹಂಚಿ: ಮೊದಲು ಕಿಂಗ್‌ಪಿನ್ ಮತ್ತು ಬುಷ್‌ಗಳಿಗೆ, ನಂತರ ಕುಸಿದ ಸ್ಪ್ರಿಂಗ್‌ಗಳಿಗೆ, ಆಮೇಲೆ ಬುಷ್ ಬದಲಿಸಿ ನಿಜವಾಗಿ ರಿಪೇರಿಯಾದ ನಾಲ್ಕು ಲಿವರ್ ಶಾಕ್‌ಗಳಿಗೆ. ಇಷ್ಟಾದ ಮೇಲೆ ಕೆಲವು ತಿಂಗಳು ಓಡಿಸಿ ನೋಡಿ. ಆಬಿಂಗ್ಡನ್‌ನ ಎಂಜಿನಿಯರುಗಳು ರೂಪಿಸಿದ ಕಾರು ಹೇಗೆ ಓಡುತ್ತಿತ್ತೆಂಬುದು ಆಗ ಅನುಭವಕ್ಕೆ ಬರುತ್ತದೆ. ಟೆಲಿಸ್ಕೋಪಿಕ್ ಕಿಟ್ ಬೇಕೇ ಬೇಡವೇ ಎಂಬ ತೀರ್ಮಾನವನ್ನು ಆ ಅನುಭವದ ಮೇಲೆ ಮಾಡಿ. ಹೆಚ್ಚಿನವರಿಗೆ ಅದರ ಅಗತ್ಯವೇ ಬೀಳುವುದಿಲ್ಲ.